ಗಾರ್ಮೆಂಟ್ಸ್ ಅಕ್ಕಂದಿರು ಓದು ಕಲಿಯಲು ಬಂದು ನಡುವೆ ಬಿಟ್ಟುಬಿಡುತ್ತಾರೆ, ಏನು ಮಾಡಲಿ?

ಪ್ರಶ್ನೆ: ಲಗ್ಗೆರೆ ಹುಡುಗಿ

ನಮ್ಮ ಬೀದಿಯಲ್ಲಿ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಜಾಸ್ತಿ. ಕೆಲವರಿಗೆ ಓದು ಬರಹ ಬರುವುದಿಲ್ಲ. ಗಂಡ ತೀರಿಕೊಂಡು ಒಬ್ಬರೇ ಮಕ್ಕಳನ್ನು ಸಾಕುವವರೂ ಇದ್ದಾರೆ. ಭಾನುವಾರ ಸಂಜೆ ನಮ್ಮ ಮನೆ ತಾರಸಿಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಮೊದಮೊದಲು ಖುಷಿಯಿಂದ ಬರುತ್ತಾರೆ. ಕಾಗುಣಿತಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರೇ ನಿಲ್ಲಿಸುತ್ತಾರೆ. ಕೇಳಿದರೆ "ನಮ್ಮ ತಲೆಗೆ ಇನ್ನೆಲ್ಲಿ ಹತ್ತುತ್ತೆ ಬಿಡಮ್ಮ" ಅನ್ನುತ್ತಾರೆ. ಸಂಬಳದ ಚೀಟಿಯಲ್ಲಿ ಎಷ್ಟು ಹಿಡಿದಿದ್ದಾರೆ ಅಂತ ತಿಳಿಯದೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಅದನ್ನು ನೋಡಿಕೊಂಡು ಸುಮ್ನೆ ಇರಲು ನನಗೆ ಆಗುವುದಿಲ್ಲ. ಇವರನ್ನು ಹೇಗೆ ಉಳಿಸಿಕೊಳ್ಳಲಿ?

ಉತ್ತರ: ನಿವೃತ್ತ ಮೇಷ್ಟ್ರು, ರಾಜಾಜಿನಗರ

ನೋಡಮ್ಮ, ಮೊದಲು ಅವರ ಕಣ್ಣು ನೋಡು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಓದುವ ಅಭ್ಯಾಸ ಇದ್ದವರು ಚಾಳೀಸು ಹಾಕಿಕೊಳ್ಳುತ್ತಾರೆ. ಪುಸ್ತಕವನ್ನೇ ಹಿಡಿಯದವರಿಗೆ ತೊಂದರೆ ಕಣ್ಣಿನದು ಅಂತ ಹೊಳೆಯುವುದೇ ಇಲ್ಲ, ತಲೆಯದು ಅಂದುಕೊಳ್ಳುತ್ತಾರೆ. ಸೂಜಿಗೆ ದಾರ ಪೋಣಿಸಲು ಕಷ್ಟ ಆಗುತ್ತಾ ಅಂತ ಕೇಳು. ಹೌದು ಅಂದರೆ ಮಿಂಟೊ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗು, ಅದು ಸರ್ಕಾರಿ ಆಸ್ಪತ್ರೆ.

ಇನ್ನು ಅಕ್ಷರದ ವಿಷಯ. ಅ ಇಂದ ಳ ತನಕ 49 ಅಕ್ಷರ ಮುಗಿಸಿ ಆಮೇಲೆ ಓದಿಸುತ್ತೇನೆ ಅಂದರೆ ಯಾರೂ ಕಾಯುವುದಿಲ್ಲ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಕಲಿಸುವ ನಲಿಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದರಲ್ಲೇ ದರ, ಸರ, ರಸ, ಅರಸ ಎಲ್ಲ ಓದಬಹುದು. ಕ್ರಮ ಮಾತ್ರ ತೆಗೆದುಕೋ, ಮಕ್ಕಳ ಚಿತ್ರಪುಸ್ತಕ ಬೇಡ. ಸಂಸಾರ ತೂಗಿಸುವ ಹೆಂಗಸಿನ ಕೈಗೆ ಅದನ್ನು ಕೊಟ್ಟರೆ ಅವಮಾನ ಅನಿಸುತ್ತದೆ. "ದರ" ಕಲಿಸಿದ ದಿನ ತರಕಾರಿ ಅಂಗಡಿಯ ಹಲಗೆ ತೋರಿಸು. ಬಸ್ ಬೋರ್ಡಿನ "ಯಶವಂತಪುರ" ಬೇಗ ಬರುತ್ತದೆ, ಒತ್ತಕ್ಷರ ಇಲ್ಲ ಅಲ್ವಾ. "ಪೀಣ್ಯ" ಸ್ವಲ್ಪ ನಿಧಾನಕ್ಕೆ. ಬ್ರೆಜಿಲ್‌ನಲ್ಲಿ ಪೌಲೊ ಫ್ರೇರೆ ಅನ್ನುವ ಶಿಕ್ಷಣ ಚಿಂತಕ 1963ರಲ್ಲಿ ಅಂಗಿಕೋಸ್ ಅನ್ನುವ ಊರಿನ ಕೂಲಿಕಾರರಿಗೆ ಓದು ಕಲಿಸಿದ್ದೂ ಅವರ ದಿನನಿತ್ಯದ ಮಾತುಗಳಿಂದಲೇ.

ಸಂಬಳದ ಚೀಟಿಯೇ ನಿನ್ನ ಪಠ್ಯಪುಸ್ತಕ ಆಗಲಿ. ಹೆಸರು, ಹಾಜರಿ, ಓಟಿ (ಹೆಚ್ಚುವರಿ ಕೆಲಸದ ದುಡ್ಡು), ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ವಿಮೆ). ತನ್ನ ದುಡ್ಡು ಎಲ್ಲಿ ಹೋಯಿತು ಅಂತ ತಾನೇ ಓದಿ ತಿಳಿದವಳು ಮುಂದಿನ ವಾರ ಖಂಡಿತ ಬರುತ್ತಾಳೆ.

ಉತ್ತರ: ಕೋರಮಂಗಲದಿಂದ

ನಮ್ಮಮ್ಮ ಮನೆಗೆಲಸ ಮಾಡುತ್ತಾ ಓದು ಕಲಿತವರು. ಅವರ ಮಾತು ಹೇಳುತ್ತೇನೆ. ಭಾನುವಾರ ನಮಗೆಲ್ಲಿ ರಜೆ? ವಾರದ ಬಟ್ಟೆ, ರೇಷನ್, ನೆಂಟರು ಎಲ್ಲ ಅವತ್ತೇ. ಎರಡು ವಾರ ತಪ್ಪಿದರೆ ಹಿಂದೆ ಬಿದ್ದೆ ಅನ್ನುವ ನಾಚಿಕೆಗೇ ಬರುವುದು ನಿಲ್ಲುತ್ತದೆ. ಹಾಗಾಗಿ ಪ್ರತಿ ಪಾಠವೂ ಅವತ್ತಿಗೇ ಮುಗಿಯಬೇಕು. ತಪ್ಪಿಸಿಕೊಂಡವರನ್ನು "ಯಾಕೆ ಬರಲಿಲ್ಲ" ಅನ್ನಬೇಡಿ ಅಕ್ಕ. "ಬನ್ನಿ, ಕೂತ್ಕೊಳ್ಳಿ" ಅನ್ನಿ, ಸಾಕು.

ಉತ್ತರ: ಸಾಕ್ಷರತಾ ಸ್ವಯಂಸೇವಕ

ಮುಂದೆ ಪ್ರಮಾಣಪತ್ರ ಬೇಕು ಅಂದವರಿಗೆ ದಾರಿ ಇದೆ. ದೊಡ್ಡವರಿಗೆ ಓದು ಬರಹ ಕಲಿಸುವ ಕೇಂದ್ರ ಸರ್ಕಾರದ ಉಲ್ಲಾಸ್ ಯೋಜನೆ 2022ರಿಂದ 2027ರವರೆಗಿನದು, 15 ವರ್ಷ ತುಂಬಿದವರಿಗೆ. ಪರೀಕ್ಷೆ 150 ಅಂಕಕ್ಕೆ: ಓದು, ಬರಹ, ಲೆಕ್ಕ, ತಲಾ 50. ಆಮೇಲೆ ಹತ್ತನೇ ತರಗತಿ ಆಸೆ ಇದ್ದರೆ ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆ ಇದೆ. 14 ತುಂಬಿದ್ದರೆ ಸಾಕು, ಮೇಲೆ ವಯಸ್ಸಿನ ಮಿತಿ ಇಲ್ಲ. ಆದರೆ ಪರೀಕ್ಷೆ ಅನ್ನುವ ಮಾತನ್ನು ಅವರಾಗಿಯೇ ಕೇಳುವ ತನಕ ಎತ್ತಬೇಡಿ.

ಲಗ್ಗೆರೆ ಹುಡುಗಿ

ಮೇಷ್ಟ್ರೇ, ಕಣ್ಣಿನ ವಿಷಯ ಇವತ್ತೇ ಇಬ್ಬರ ಹತ್ತಿರ ಕೇಳಿದೆ. ಇಬ್ಬರಿಗೂ ದಾರ ಪೋಣಿಸಿಕೊಡುವುದು ಪಕ್ಕದ ಮಿಷಿನ್ ಹುಡುಗಿಯಂತೆ. ಈ ವಾರವೇ ಮಿಂಟೊಗೆ ಹೋಗುತ್ತಿದ್ದೇವೆ. ಒಂದು ಸಂದೇಹ: ಕೆಲವರ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡದಲ್ಲಿ ಬರೆದುಕೊಡಲಾ, ಅಥವಾ ಅಂಕಿ ಓದುವುದನ್ನು ಮೊದಲು ಹಿಡಿಯಲಾ?