ಊರಿಗೆಲ್ಲಾ ಗೊತ್ತಿರೋ ಅಜ್ಜಿಗೂ ಗುರುತಿನ ಚೀಟಿ ಬೇಕಾ?

ಮೂಡಿಗೆರೆ ರೈಟರ್:
ನಾನು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ, ಹಾಜರಿ ಬರೆಯೋನು. 2024ರ ಏಪ್ರಿಲ್ 26, ಲೋಕಸಭೆ ಮತದಾನ. ತೋಟದ ಆಳುಗಳಿರುವ ಲೈನ್ ಮನೆಯ ಅಜ್ಜಿಯೊಬ್ಬರು ರೇಷನ್ ಕಾರ್ಡ್ ಮತ್ತು ವೋಟರ್ ಸ್ಲಿಪ್ ಹಿಡಿದು ಮತಗಟ್ಟೆಗೆ ಬಂದಿದ್ದರು. ಹಳೇ ವೋಟರ್ ಕಾರ್ಡಿಗೆ ಮಳೆಗಾಲದಲ್ಲಿ ನೀರು ಹೊಕ್ಕು ಮುಖವೇ ಅಳಿಸಿಹೋಗಿದೆ. ಪಟ್ಟಿಯಲ್ಲಿ ಹೆಸರಿದೆ. ಒಳಗೆ ಕೂತ ಪಕ್ಷಗಳ ಏಜೆಂಟರೆಲ್ಲ 'ಬನ್ನಿ ಅಜ್ಜಿ' ಅಂದವರೇ. ಆದರೂ ವಾಪಸ್ ಕಳಿಸಿದರು. ಮೂರು ಕಿಲೋಮೀಟರ್ ನಡೆದು ಹೋಗಿ ಆಧಾರ್ ತಂದರು. ಆಗ ಸಂಜೆ ಐದೂವರೆ.

ಇಂಗ್ಲೆಂಡಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಹೇಳ್ತಾನೆ, ಅಲ್ಲಿ ಮೊದಲು ಹೆಸರು, ವಿಳಾಸ ಹೇಳಿದರೆ ಸಾಕಿತ್ತಂತೆ. 2023ರಿಂದ ಫೋಟೊ ಇರುವ ಗುರುತು ಕಡ್ಡಾಯ. ವಯಸ್ಸಾದವರ ಬಸ್ ಪಾಸ್ ನಡೆಯುತ್ತೆ, ವಿದ್ಯಾರ್ಥಿಗಳದ್ದು ನಡೆಯಲ್ಲ ಅಂತ ಅಲ್ಲೂ ಜಗಳ. ನಮ್ಮಲ್ಲಿ ರೇಷನ್ ಕಾರ್ಡ್ ಯಾಕೆ ನಡೆಯಲ್ಲ? ಬಡವರ ಮನೆಯಲ್ಲಿ ತಕ್ಷಣ ಕೈಗೆ ಸಿಗೋದು ಅದೊಂದೇ ಅಲ್ವಾ?

ಸಕಲೇಶಪುರ ಮೇಷ್ಟ್ರು:
ನಾಲ್ಕು ಚುನಾವಣೆ ಡ್ಯೂಟಿ ಮಾಡಿದ್ದೇನೆ. ರೇಷನ್ ಕಾರ್ಡ್ ಮನೆಗೊಂದು, ಆಳಿಗೊಂದಲ್ಲ. ವೋಟರ್ ಕಾರ್ಡ್ ಇಲ್ಲದವರಿಗೆ ಆಧಾರ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಹೀಗೆ ಹನ್ನೆರಡು ದಾಖಲೆ ನಡೆಯುತ್ತವೆ. ಸ್ಲಿಪ್ ಒಂದೇ ಇದ್ದರೆ ಸಾಲದು ಅಂತ 2019ರಲ್ಲೇ ಆಯ್ತು.

ಏಜೆಂಟರು ಹೌದು ಅಂದರೆ ಬಿಡಿ ಅನ್ನೋದು ಸುಲಭ. ಅವರು 'ಇವರು ಯಾರೋ ಗೊತ್ತಿಲ್ಲ' ಅಂದರೆ? ಊರಲ್ಲಿ ದ್ವೇಷ ಇರಲ್ವಾ? ಈಗ ತಕರಾರು ತೆಗೆಯೋ ಏಜೆಂಟ್ ಎರಡು ರೂಪಾಯಿ ಕಟ್ಟಬೇಕು, ನಾವು ಅಲ್ಲೇ ವಿಚಾರಿಸುತ್ತೇವೆ. ಕೈಯಲ್ಲಿ ಕಾರ್ಡ್ ಇದ್ದರೆ ಅಜ್ಜಿ ಯಾರ ಮುಲಾಜಿನಲ್ಲೂ ಇರಬೇಕಾಗಿಲ್ಲ.

ಕಡೂರಿನವ:
ನನ್ನ ಕಥೆ ಉಲ್ಟಾ. ಕಾರ್ಡ್ ಇತ್ತು, ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಬಾಡಿಗೆ ಮನೆ ಬದಲಾಯಿಸಿದ್ದೆ, ವಿಳಾಸ ಬದಲಾವಣೆಗೂ ಹೊಸ ಕಾರ್ಡಿಗೂ ತುಂಬುವ ಫಾರಂ 8 ಕೊಟ್ಟಿರಲಿಲ್ಲ. ತಪ್ಪು ನಂದೇ. ಕಾರ್ಡ್ ಕಾರ್ಡ್ ಅಂತ ಸುಮ್ನೆ ಕೂಗಾಡ್ತೀವಿ, ಪಟ್ಟಿ ನೋಡೋರು ಕಡಿಮೆ. ಚುನಾವಣಾ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳಬಹುದಿತ್ತು, ಮಾಡಲಿಲ್ಲ.

ಮೂಡಿಗೆರೆ ರೈಟರ್:
ಮೇಷ್ಟ್ರೇ, ದ್ವೇಷದ ಮಾತು ಒಪ್ಪಿದೆ. ನನಗೆ ಅದು ಹೊಳೆದಿರಲಿಲ್ಲ. ಆದರೆ ಹನ್ನೆರಡು ದಾಖಲೆ ಯಾವುವು ಅಂತ ಲೈನ್ ಮನೆಗೆ ಬಂದು ಹೇಳಿದವರು ಯಾರೂ ಇಲ್ಲ, ಅದನ್ನೂ ಒಪ್ಪಿಕೊಳ್ಳಿ.

ಅಜ್ಜಿಗೆ ಫಾರಂ 8 ತುಂಬಿಸಿ ಹೊಸ ಕಾರ್ಡ್ ತರಿಸಿದೆ. 'ರೈಟ್ರೇ, ಮಳೆಗೆ ಮತ್ತೆ ಹಾಳಾಯ್ತದೆ, ಆಫೀಸ್ ಬೀರುನಲ್ಲಿ ನೀವೇ ಇಟ್ಕಳಿ' ಅಂದರು. ನಾನು ಒಪ್ಪಲಿಲ್ಲ. ಆಳುಗಳ ವೋಟರ್ ಕಾರ್ಡ್ ತೋಟದ ಬೀರುವಿನಲ್ಲಿ ಇರಬಾರದು. ಒಂದು ಹಾರ್ಲಿಕ್ಸ್ ಬಾಟಲಿ ಕೊಟ್ಟಿದ್ದೇನೆ, ಮುಚ್ಚಳ ಬಿಗಿ ಇದೆ.