ಕಾರಿನ ನಕ್ಷೆಗೆ ಚಂದಾ ಕಟ್ಟಬೇಕೇ, ಮೊಬೈಲ್ ಸಾಕೇ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಧಾರವಾಡದಿಂದ:
ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೇನೆ. ಮಗಳನ್ನು ಕೊಟ್ಟ ಊರು ನವಲಗುಂದ ತಾಲ್ಲೂಕಿನ ಒಳಭಾಗದಲ್ಲಿದೆ. ಮೊಬೈಲಿನ ನಕ್ಷೆ ಒಂದೊಂದು ಸಲ ಒಂದೊಂದು ದಾರಿ ತೋರಿಸುತ್ತದೆ. ಕಾರಿನ ಪರದೆಯಲ್ಲಿರುವ ನಕ್ಷೆಯ ಉಚಿತ ಅವಧಿ ಮುಗಿದಿದ್ದು, ಇನ್ನು ವರ್ಷವರ್ಷ ಚಂದಾ ಕಟ್ಟಬೇಕಂತೆ. ಕಟ್ಟಿದರೆ ಉಪಯೋಗವಿದೆಯೇ?

ಗದಗ ಗೂಡ್ಸ್ ಗಾಡಿ:
ನನ್ನ ಹಕೀಕತ್ತು ಕೇಳಿದ ಮೇಲೆ ಚಂದಾದ ಮಾತನ್ನೇ ಬಿಡುತ್ತೀರಿ. ದಸರೆಗೆ ಮುಂಚಿನ ಮಳೆಯಲ್ಲಿ ಅಣ್ಣಿಗೇರಿ ಕಡೆಯ ಹೊಲದಿಂದ ಉಳ್ಳಾಗಡ್ಡಿ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಹೊರಟಿದ್ದೆ. ಹೆದ್ದಾರಿಗೆ ಹೋಗುವ ಡಾಂಬರು ರಸ್ತೆ ಸುತ್ತಾಗುತ್ತದೆಂದು ಮೊಬೈಲು ನನ್ನನ್ನು ಕಾಲುವೆಯ ದಂಡೆಗೆ ಹತ್ತಿಸಿ, ಅಲ್ಲಿಂದ ಚಕ್ಕಡಿ ದಾರಿಗೆ ಇಳಿಸಿತು. ಹಸಿ ಎರೆಮಣ್ಣು ಏನು ಮಾಡುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಂತಿತು. ಟ್ರ್ಯಾಕ್ಟರಿನವನು ಮೊದಲು 1,500 ಎಂದಿದ್ದವನು ಹಗ್ಗ ಕಟ್ಟುವ ಹೊತ್ತಿಗೆ 2,500 ಎಂದ. ಇಳಿಸಿ ಮತ್ತೆ ಹೇರಿದ್ದಕ್ಕೆ ಹಮಾಲರಿಗೆ 900, ಕ್ಲಚ್ ಪ್ಲೇಟಿಗೆ 7,800, ಅದರ ಮಜೂರಿ 1,600. ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಹರಾಜಿನ ಸವಾಲು ಮುಗಿದಿತ್ತು. ಮರುದಿನ ಕ್ವಿಂಟಲಿಗೆ 150 ರೂಪಾಯಿ ಇಳಿಯಿತು, ಆ ನಷ್ಟವನ್ನು ರೈತ ನನ್ನ ಬಾಡಿಗೆಯಲ್ಲೇ ಮುರಿದುಕೊಂಡ. ಆಕಾಶದಲ್ಲಿ ಅಷ್ಟೊಂದು ಉಪಗ್ರಹ ಬಿಟ್ಟಿದ್ದಾರಲ್ಲ, ಒಂದಕ್ಕಾದರೂ ಕೆಸರು ಕಾಣಬಾರದೇ?

ನಕ್ಷೆ ತಿದ್ದುವವ, ಹುಬ್ಬಳ್ಳಿ:
ಕಾಣುವುದಿಲ್ಲ ಅಣ್ಣಾ, ಅದು ಅವುಗಳ ಕೆಲಸವೂ ಅಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಮಯವನ್ನೂ ತಮ್ಮ ಸ್ಥಾನವನ್ನೂ ಸಾರುತ್ತವೆ, ಅಷ್ಟೇ. ಕನಿಷ್ಠ 4 ಉಪಗ್ರಹಗಳ ಸಂಕೇತ ಹಿಡಿದು ನೀವು ಎಲ್ಲಿದ್ದೀರೆಂದು ಲೆಕ್ಕ ಹಾಕುವುದು ನಿಮ್ಮ ಫೋನು. ದಾರಿ ಬರುವುದು ನಕ್ಷೆಯ ದತ್ತಾಂಶದಿಂದ. ಅಲ್ಲಿ ಪ್ರತಿಯೊಂದು ರಸ್ತೆಯ ತುಂಡಿಗೂ ಒಂದು ಉದ್ದ, ಒಂದು ಅಂದಾಜು ವೇಗ ಇರುತ್ತದೆ. ಚಕ್ಕಡಿ ದಾರಿಯನ್ನು ಯಾರೋ ಸಾದಾ ರಸ್ತೆಯೆಂದು ಗೆರೆ ಎಳೆದಿದ್ದರೆ, ತಂತ್ರಾಂಶ ಅದನ್ನು ಡಾಂಬರಿನಂತೆಯೇ ಎಣಿಸುತ್ತದೆ. ದಟ್ಟಣೆ ತಿಳಿಯುವುದು ಓಡಾಡುವ ಫೋನುಗಳ ವೇಗದಿಂದ. ಫೋನುಗಳೇ ಹೋಗದ ದಾರಿ ಅದರ ಕಣ್ಣಿಗೆ ಖಾಲಿ ದಾರಿ. ಇದಕ್ಕಾಗಿಯೇ ನಾನು 2004ರಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಜೆಯ ದಿನ ಬೈಕಿನ ಮೇಲೆ ತಿರುಗಿ, ಎಲ್ಲಿ ಡಾಂಬರು, ಎಲ್ಲಿ ಗರಸು, ಎಲ್ಲಿ ಬರಿ ಮಣ್ಣು ಎಂದು ದಾಖಲಿಸುತ್ತೇನೆ. ಪೆಟ್ರೋಲು ಸ್ವಂತದ್ದು, ಯಾರೂ ಒಂದು ಕಪ್ ಚಹಾ ಸಹ ಕುಡಿಸಿಲ್ಲ.

ಹಾವೇರಿ ಅಕ್ಕ:
ನಾನು ಚಂದಾ ಕಟ್ಟಿದ್ದೇನೆ, ಕಟ್ಟಿದ್ದು ಸರಿಯಾಗಿಯೇ ಇದೆ. ವರ್ಷಕ್ಕೆ 3,500, ಅದರ ಮೇಲೆ ನಕ್ಷೆ ಹೊಸದು ಮಾಡಿಸಲು ಸರ್ವಿಸಿನವರು 1,180 ತೆಗೆದುಕೊಂಡರು. ಶಿರಹಟ್ಟಿ ದಾಟಿ ಕಪ್ಪತಗುಡ್ಡದ ಕಡೆ ಹೋದಾಗ ಜೊತೆಗಿದ್ದವರ ಮೊಬೈಲಿನಲ್ಲಿ ನೆಟ್‌ವರ್ಕ್ ಹೋಗಿ ಪರದೆ ಬೋಳಾಗಿತ್ತು, ನನ್ನ ಕಾರಿನ ನಕ್ಷೆ ಮಾತ್ರ ನಡೆಯುತ್ತಿತ್ತು. ಒಂದೇ ಒಂದು ಕಿರಿಕಿರಿಯೆಂದರೆ 48ನೇ ಹೆದ್ದಾರಿಯಲ್ಲಿ ಅದಕ್ಕೆ ಮುಖ್ಯ ರಸ್ತೆಗೂ ಸರ್ವಿಸ್ ರಸ್ತೆಗೂ ಭೇದ ತಿಳಿಯುವುದಿಲ್ಲ. ಸವಣೂರಿಗೆ ತಿರುಗಬೇಕಾದಲ್ಲಿ ಇಳಿಯುವ ದಾರಿ ಹಿಂದೆ ಹೋದ ಮೇಲೆ ಎಡಕ್ಕೆ ತಿರುಗಿ ಎಂದಿತು. ತಿರುಗಿ ಬರಲು ಟೋಲ್ ದಾಟಿ ಹೋಗಬೇಕಾಯಿತು, ಫಾಸ್ಟ್ಯಾಗಿನಲ್ಲಿ ಹೋಗುವಾಗೊಮ್ಮೆ ಬರುವಾಗೊಮ್ಮೆ ದುಡ್ಡು ಮುರಿಯಿತು.

ನಕ್ಷೆ ತಿದ್ದುವವ, ಹುಬ್ಬಳ್ಳಿ:
ಬಯಲಿನಲ್ಲೂ ಫೋನಿನ ಜಿಪಿಎಸ್ 5 ಮೀಟರಿನಷ್ಟು ಆಚೆ ಈಚೆ ಆಗುತ್ತದೆ, ಪಕ್ಕಪಕ್ಕದ ರಸ್ತೆಗಳಲ್ಲಿ ಅದು ಸಹಜ. ಆದರೆ ಅಕ್ಕಾ, ಮೊಬೈಲಿನಲ್ಲೂ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ದಟ್ಟಣೆ ಕಾಣುವುದಿಲ್ಲ, ದಾರಿ ಕಾಣುತ್ತದೆ. ಬಿಟ್ಟಿಯಾಗಿ ಸಿಗುವುದಕ್ಕೆ 4,680 ಕೊಟ್ಟಿದ್ದೀರಿ.

ಹಾವೇರಿ ಅಕ್ಕ:
ನನ್ನ ದುಡ್ಡಿನ ಕೂಡಿಸುವ ಲೆಕ್ಕವನ್ನು ಯಾರೂ ಕೇಳಿರಲಿಲ್ಲ.

ನಿವೃತ್ತ ಮಾಸ್ತರ, ಧಾರವಾಡ:
ಇಷ್ಟೊಂದು ಯಂತ್ರದ ಹಂಗು ಏಕೆಂದು ನನಗೆ ತಿಳಿಯದು. ನವಲಗುಂದ ತಾಲ್ಲೂಕಿಗೆ ಹೋಗುವವರು ಮಳೆಗಾಲದಲ್ಲಿ ಮೊದಲು ತಿಳಿಯಬೇಕಾದದ್ದು ಬೆಣ್ಣೆಹಳ್ಳ ಬಂದಿದೆಯೋ, ತುಪ್ಪರಿಹಳ್ಳ ಬಂದಿದೆಯೋ ಎಂಬುದು. ಹಳ್ಳ ಸೇತುವೆಯ ಮೇಲೆ ಹರಿಯುತ್ತಿದ್ದಾಗಲೂ ಪರದೆಯ ಮೇಲೆ ನೀಲಿ ಗೆರೆ ನಿಶ್ಚಿಂತೆಯಿಂದ ಇರುತ್ತದೆ. ಹೊರಡುವ ಮುನ್ನ ಬೀಗರಿಗೊಂದು ಫೋನು ಮಾಡಿ, ಊರಿನ ಅಗಸಿಯಲ್ಲಿ ಕುಳಿತ ಹಿರಿಯರನ್ನು ಕೇಳಿ. ನಾನು ಇಡೀ ಜಿಲ್ಲೆಯನ್ನು ಹಾಗೆಯೇ ಸುತ್ತಿದ್ದೇನೆ, ಒಂದು ರೂಪಾಯಿ ಖರ್ಚಾಗಿಲ್ಲ.

ಹಾವೇರಿ ಅಕ್ಕ:
ಮಾಸ್ತರರೇ, ರಾತ್ರಿ ಹತ್ತು ಗಂಟೆಗೆ ಒಬ್ಬಳೇ ಕಾರು ನಡೆಸಿಕೊಂಡು ಬರುವ ಹೆಣ್ಣುಮಗಳು ಯಾವ ಅಗಸಿಯಲ್ಲಿ ಗಾಜು ಇಳಿಸಿ ಯಾರನ್ನು ಕೇಳಬೇಕು? ಆ 3,500 ನಾನು ಕೊಡುವುದು, ಯಾರನ್ನೂ ಕೇಳದೆ ಮನೆ ಮುಟ್ಟುವುದಕ್ಕೆ.

ನಿವೃತ್ತ ಮಾಸ್ತರ, ಧಾರವಾಡ:
ಹಗಲಿನಲ್ಲಿ ಹೊರಡಬಹುದಲ್ಲ, ತಂಗಿ.

ಹಾವೇರಿ ಅಕ್ಕ:
ಆಸ್ಪತ್ರೆಯಲ್ಲಿ ನನ್ನ ಪಾಳಿ ಮುಗಿಯುವುದೇ ಒಂಬತ್ತಕ್ಕೆ. ನೀವು ಬಂದು ಬದಲಿಸಿ ಕೊಡಿ.

ಗದಗ ಗೂಡ್ಸ್ ಗಾಡಿ:
ಕೇಳುವುದೂ ಅಷ್ಟರಲ್ಲೇ ಇದೆ ಮಾಸ್ತರ್. “ಇಲ್ಲೇ ಎರಡು ಕಿಲೋಮೀಟರ್” ಎಂದ ಹಿರಿಯರ ಮಾತು ನಂಬಿ ಎಂಟು ಕಿಲೋಮೀಟರ್ ಹೋಗಿದ್ದೇನೆ. ಅವರು ಹೇಳುವುದು ಕಾಲುದಾರಿಯ ಲೆಕ್ಕ, ಡೀಸೆಲ್ ನನ್ನದು.

ಕೇಶ್ವಾಪುರ ಗ್ಯಾರೇಜ್:
ಸಣ್ಣ ಗೂಡ್ಸ್ ಗಾಡಿಯ ಕ್ಲಚ್ ಪ್ಲೇಟಿಗೆ 7,800 ಯಾರು ತೆಗೆದುಕೊಂಡರು? ನಕ್ಷೆಗಿಂತ ದೊಡ್ಡ ಮೋಸ ಅಲ್ಲಿ ಆಗಿದೆ. ಅದಿರಲಿ, ಹುಬ್ಬಳ್ಳಿ ಧಾರವಾಡ ನಡುವೆ ಟೋಲ್ ತಪ್ಪಿಸುವ ಆಯ್ಕೆ ಒತ್ತಿ ಬಂದವರು ಚಿಗರಿ ಬಸ್ಸಿಗೆಂದೇ ಬೇರೆ ಪಥವಿರುವ ರಸ್ತೆಯಲ್ಲಿ ಬಲಕ್ಕೆ ತಿರುಗಲು ಜಾಗ ಹುಡುಕುತ್ತ ನನ್ನ ಗ್ಯಾರೇಜಿಗೆ ಬರುತ್ತಾರೆ. ಕೆಲವರು ಬಸ್ಸಿನ ಪಥಕ್ಕೇ ನುಗ್ಗಿರುತ್ತಾರೆ.

ಗದಗ ಗೂಡ್ಸ್ ಗಾಡಿ:
ಪ್ಲೇಟಷ್ಟೇ ಅಲ್ಲ, ಪ್ರೆಷರ್ ಪ್ಲೇಟ್, ಬೇರಿಂಗ್ ಸೇರಿ ಪೂರ್ತಿ ಸೆಟ್ಟು. ಬಿಲ್ಲು ಇದೆ. ಮೋಸದ ಮಾತು ಹಿಂತೆಗೆದುಕೊಳ್ಳಿ.

ನಕ್ಷೆ ತಿದ್ದುವವ, ಹುಬ್ಬಳ್ಳಿ:
ಜಗಳ ಬಿಡಿ. ಅಣ್ಣಾ, ನೀವು ಹೇಳಿದ ಕಾಲುವೆ ದಂಡೆಯನ್ನೂ ಚಕ್ಕಡಿ ದಾರಿಯನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮಣ್ಣಿನ ದಾರಿಯೆಂದು ಈಗಷ್ಟೇ ತಿದ್ದಿದ್ದೇನೆ. ಆ ನಕ್ಷೆ ಬಳಸುವವರನ್ನು ಇನ್ನು ಅತ್ತ ಕಳಿಸುವುದು ಕಡಿಮೆಯಾಗುತ್ತದೆ.

ಗದಗ ಗೂಡ್ಸ್ ಗಾಡಿ:
ಕೇಳಿ ತಿದ್ದಬೇಕಿತ್ತು. ಸಂಕ್ರಾಂತಿಯ ನಂತರ ಚಕ್ಕಡಿ ದಾರಿಗೆ ಖಡಿ ಹಾಕಿ ಡಾಂಬರು ಮಾಡಿದ್ದಾರೆ, ಈಗ ನಾನು ದಿನಾ ಹೋಗುವುದು ಅದರ ಮೇಲೆಯೇ. ಕಾಲುವೆಯ ದಂಡೆ ಮಾತ್ರ ಇನ್ನೂ ಮಣ್ಣು.