ಹಣ್ಣುನೊಣದ ಗಂಡಿಗೆ ಮರಿಗಳಾಗದಿರಲು ಸ್ಟೆಲೇಟ್ ಹರಳುಗಳೇ ಕಾರಣವೇ?

ಪ್ರಶ್ನೆ (ಪ್ರಾಣಿಶಾಸ್ತ್ರ_ಎಂಎಸ್ಸಿ):
ಹಣ್ಣುನೊಣದಲ್ಲಿ (ಡ್ರೊಸೊಫಿಲಾ ಮೆಲನೋಗ್ಯಾಸ್ಟರ್) ಲಿಂಗವನ್ನು ನಿರ್ಧರಿಸುವುದು ಎಕ್ಸ್ ವರ್ಣತಂತುಗಳ ಲೆಕ್ಕವೇ ಹೊರತು ವೈ ಅಲ್ಲ. ಹೀಗಾಗಿ ಒಂದೇ ಎಕ್ಸ್ ಇದ್ದು ವೈ ಇಲ್ಲದ ನೊಣವು ನೋಡಲು ಪೂರ್ತಿ ಗಂಡಾಗಿಯೇ ಇರುತ್ತದೆ, ಆದರೆ ಅದಕ್ಕೆ ಸಂತಾನಶಕ್ತಿ ಇರುವುದಿಲ್ಲವೆಂದು ಕ್ಯಾಲ್ವಿನ್ ಬ್ರಿಜಸ್ 1916ರಲ್ಲೇ ತೋರಿಸಿದ್ದರು. ಇಂಥ ಗಂಡಿನ ವೃಷಣದಲ್ಲಿ ಸ್ಟೆಲೇಟ್ ಎಂಬ ಪ್ರೋಟೀನು ಹರಳುಗಟ್ಟುತ್ತದೆಂದು ಒಂದು ಪುಸ್ತಕ ಹೇಳಿದರೆ, ವೈ ವರ್ಣತಂತುವಿನ ಫಲವತ್ತತೆಯ ಜೀನ್‌ಗಳು ಇಲ್ಲದಿರುವುದೇ ಕಾರಣವೆಂದು ಇನ್ನೊಂದು ಹೇಳುತ್ತದೆ. ಯಾವುದು ಸರಿ? ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಲು ಸಾಧ್ಯವೇ?

ಉತ್ತರ (ವೃಷಣವಿಭಾಗ):
ಎರಡೂ ಸರಿ, ಆದರೆ ಅವು ಬೇರೆ ಬೇರೆ ದೋಷಗಳು. ವೈ ಇಲ್ಲದ ನೊಣದಲ್ಲಿ ಅವೆರಡೂ ಒಟ್ಟಿಗೇ ಬರುವುದರಿಂದ ಗೊಂದಲವಾಗುತ್ತದೆ.

ಮೊದಲನೆಯದು ನೇರವಾದದ್ದು. ವೈ ಮೇಲಿರುವ ಕೆಎಲ್-2, ಕೆಎಲ್-3, ಕೆಎಲ್-5 ಜೀನ್‌ಗಳು ವೀರ್ಯಾಣುವಿನ ಬಾಲವನ್ನು ಆಡಿಸುವ ಡೈನೀನ್ ಎಂಬ ಚಾಲಕ ಪ್ರೋಟೀನಿನ ಭಾರಸರಪಳಿಗಳನ್ನು (ಅದರ ದೊಡ್ಡ ಭಾಗಗಳನ್ನು) ಕೊಡುತ್ತವೆ. ಅವಿಲ್ಲದಿದ್ದರೆ ಚಲಿಸಬಲ್ಲ ವೀರ್ಯಾಣು ತಯಾರಾಗುವುದೇ ಇಲ್ಲ.

ಎರಡನೆಯದು ಸ್ಟೆಲೇಟ್ ಹರಳಿನದು; ಜೀನ್ ಸೈಲೆನ್ಸಿಂಗ್, ಅಂದರೆ ಜೀನ್ ಕೆಲಸಮಾಡದಂತೆ ಅಡಗಿಸುವುದು, ಇರುವುದು ಇದರಲ್ಲಿಯೇ. ಎಕ್ಸ್ ಮೇಲೆ ಸ್ಟೆಲೇಟ್ ಜೀನಿನ ಅನೇಕ ಪ್ರತಿಗಳು ಸಾಲಾಗಿವೆ. ಅದಕ್ಕೆ ಸುಮಾರು ಶೇ. 90ರಷ್ಟು ಹೋಲುವ ಸಪ್ರೆಸರ್ ಆಫ್ ಸ್ಟೆಲೇಟ್ ಎಂಬ ಸರಣಿ ವೈ ಮೇಲಿದೆ. ಈ ಸರಣಿಯ ಎರಡೂ ಎಳೆಗಳು ಆರ್‌ಎನ್‌ಎ ಆಗಿ ನಕಲಾಗುತ್ತವೆಂದೂ, ಅದರಿಂದ ಹುಟ್ಟುವ ಸಣ್ಣ ಆರ್‌ಎನ್‌ಎಗಳು ಸ್ಟೆಲೇಟನ್ನು ಅಡಗಿಸುತ್ತವೆಂದೂ ಮಾಸ್ಕೋದ ಗ್ವೋಜ್ದೆವ್ ಪ್ರಯೋಗಾಲಯದ ಅರಾವಿನ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಇವನ್ನೇ ಮುಂದೆ ಪೈ-ಆರ್‌ಎನ್‌ಎ ಎಂದು ಕರೆದರು. ಇವುಗಳ ತಯಾರಿಕೆಗೆ, ಜೋಡಿ ಎಳೆಯ ಆರ್‌ಎನ್‌ಎಯನ್ನು ತುಂಡರಿಸುವ ಡೈಸರ್ ಎಂಬ ಕಿಣ್ವ ಬೇಕಿಲ್ಲ; ಆಬರ್ಜೀನ್ ಎಂಬ ಪ್ರೋಟೀನು ಇವನ್ನು ಹಿಡಿದುಕೊಂಡು ಹೊಂದುವ ಸ್ಟೆಲೇಟ್ ಆರ್‌ಎನ್‌ಎಯನ್ನು ಕತ್ತರಿಸಿಹಾಕುತ್ತದೆ. ವೈ ಹೋದರೆ ಕತ್ತರಿಸುವವರಿಲ್ಲದೆ ಪ್ರಾಥಮಿಕ ಸ್ಪರ್ಮಟೋಸೈಟ್‌ಗಳಲ್ಲಿ (ಮುಂದೆ ವೀರ್ಯಾಣುಗಳಾಗುವ ಕೋಶಗಳಲ್ಲಿ) ಪ್ರೋಟೀನು ತುಂಬಿ ಹರಳಾಗುತ್ತದೆ.

ಉತ್ತರ (ಪುನರಾವರ್ತಿತ_ಸರಣಿ):
ಎರಡು ದೋಷಗಳನ್ನು ಬೇರ್ಪಡಿಸುವ ದಾರಿಯನ್ನೂ ಹೇಳಬೇಕು. ಫಲವತ್ತತೆಯ ಜೀನ್‌ಗಳನ್ನು ಉಳಿಸಿಕೊಂಡು ಸಪ್ರೆಸರ್ ಸರಣಿಯನ್ನಷ್ಟೇ ಕಳೆದುಕೊಂಡ ವೈ ವರ್ಣತಂತುಗಳಿವೆ. ಅಂಥ ಗಂಡುಗಳಲ್ಲಿ ಫಲಿತಾಂಶವು ಎಕ್ಸ್ ಮೇಲೆ ಸ್ಟೆಲೇಟ್‌ನ ಎಷ್ಟು ಪ್ರತಿಗಳಿವೆ ಎಂಬುದನ್ನು ಅವಲಂಬಿಸುತ್ತದೆ: ಪ್ರತಿಗಳು ಕಡಿಮೆಯಿದ್ದರೆ ಸೂಜಿಯಾಕಾರದ ಹರಳು ಕಾಣಿಸಿ ಮಿಯಾಸಿಸ್‌ನಲ್ಲಿ (ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯಲ್ಲಿ) ಏರುಪೇರಾದರೂ ಮರಿಗಳಾಗುತ್ತವೆ, ಹೆಚ್ಚಿದ್ದರೆ ನಕ್ಷತ್ರಾಕಾರದ ಹರಳು ಕಾಣಿಸಿ ಸಂತಾನಶಕ್ತಿ ಪೂರ್ತಿ ಹೋಗುತ್ತದೆ. ಆದ್ದರಿಂದ ಹರಳು ಕಂಡೊಡನೆ ನೊಣ ಬಂಜೆಯೆಂದು ಬರೆದುಬಿಡುವುದು ಅವಸರದ ತೀರ್ಮಾನ. ವೈ ಪೂರ್ಣವಾಗಿದ್ದರೂ ಆಬರ್ಜೀನ್ ಕೆಟ್ಟ ಗಂಡುಗಳಲ್ಲಿ ಹರಳುಗಳಾಗುತ್ತವೆ ಎಂಬುದು, ತೊಂದರೆ ಇರುವುದು ಅಡಗಿಸುವ ವ್ಯವಸ್ಥೆಯಲ್ಲಿಯೇ ಎಂಬುದಕ್ಕೆ ನನಗೆ ತೋರುವ ಅತ್ಯಂತ ಗಟ್ಟಿಯಾದ ಸಾಕ್ಷ್ಯ.

ಸ್ಟೆಲೇಟ್ ಒಂದು ಕಾಲದಲ್ಲಿ ಎಕ್ಸ್‌ನ ಪರವಾಗಿ ಮೋಸಮಾಡುತ್ತಿದ್ದ, ಅಂದರೆ ಎಕ್ಸ್ ಹೊತ್ತ ವೀರ್ಯಾಣುಗಳನ್ನೇ ಗೆಲ್ಲಿಸುತ್ತಿದ್ದ ಜೀನ್ ಆಗಿರಬಹುದೆಂಬ ಊಹೆ ಆಕರ್ಷಕವಾಗಿದೆ, ಆದರೆ ಪ್ರಯೋಗಗಳು ಅದನ್ನು ಬೆಂಬಲಿಸಿಲ್ಲ. ಅಂಥ ಮೋಸಕ್ಕೆ ಒಳ್ಳೆಯ ಉದಾಹರಣೆ ಬೇಕಿದ್ದರೆ ಹತ್ತಿರದ ಸಂಬಂಧಿ ಪ್ರಭೇದವಾದ ಡ್ರೊಸೊಫಿಲಾ ಸಿಮ್ಯುಲನ್ಸ್ ನೋಡಿ. ಅಲ್ಲಿ ಎಕ್ಸ್ ಮೇಲಿನ ಡಾಕ್ಸ್ ಎಂಬ ಜೀನ್ ವೈ ಹೊತ್ತ ವೀರ್ಯಾಣುಗಳನ್ನು ಕೆಡಿಸಿ ಹೆಣ್ಣುಮರಿಗಳನ್ನೇ ಹೆಚ್ಚಿಸುತ್ತದೆ; ಎನ್‌ಎಂವೈ ಎಂಬ ಜೀನಿನ ಆರ್‌ಎನ್‌ಎ ತನ್ನ ಮೇಲೆಯೇ ಮಡಚಿಕೊಂಡು, ಡೈಸರ್-2ರಿಂದ ತುಂಡಾಗಿ ಡಾಕ್ಸನ್ನು ಅಡಗಿಸುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಹಾಗಾದರೆ ವೈ ಇಲ್ಲದ ಗಂಡಿನಲ್ಲಿ ಹರಳು ಯಾವ ಆಕಾರದಲ್ಲಿರುತ್ತದೆ ಎಂಬುದನ್ನು ತಾಯಿಯ ತಳಿ ನಿರ್ಧರಿಸುತ್ತದೆಯೇ?

ಉತ್ತರ (ವೃಷಣವಿಭಾಗ):
ಹೌದು, ಏಕೆಂದರೆ ಆ ಎಕ್ಸ್ ಬರುವುದು ತಾಯಿಯಿಂದಲೇ. ಎಕ್ಸ್ ಮತ್ತು ವೈ ಅಂಟಿಕೊಂಡಿರುವ ತಳಿಯ ಗಂಡನ್ನು ಸಾಮಾನ್ಯ ಹೆಣ್ಣಿನೊಡನೆ ಕೂಡಿಸಿದರೆ ಹುಟ್ಟುವ ಗಂಡುಗಳಿಗೆಲ್ಲ ವೈ ಇರುವುದಿಲ್ಲ. ಒಂದು ಸೀಸೆಗೆ ಕಡಿಮೆ ಪ್ರತಿಗಳ ಹೆಣ್ಣುಗಳನ್ನೂ ಇನ್ನೊಂದಕ್ಕೆ ಹೆಚ್ಚು ಪ್ರತಿಗಳ ಹೆಣ್ಣುಗಳನ್ನೂ ಹಾಕಿ. ಎಳೆಯ ಗಂಡುಗಳ ವೃಷಣವನ್ನು ಸಲೈನ್‌ನಲ್ಲಿ ಬಿಡಿಸಿ, ಕವರ್‌ಸ್ಲಿಪ್‌ನಿಂದ ಮೆಲ್ಲಗೆ ಒತ್ತಿ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಣ್ಣ ಹಾಕದೆಯೇ ಒಂದರಲ್ಲಿ ಸೂಜಿಗಳೂ ಇನ್ನೊಂದರಲ್ಲಿ ನಕ್ಷತ್ರಗಳೂ ಕಾಣುತ್ತವೆ. ಆದರೆ ಎರಡೂ ಬಗೆಯ ಗಂಡುಗಳಿಗೆ ಮರಿಗಳಾಗುವುದಿಲ್ಲ, ಏಕೆಂದರೆ ಡೈನೀನ್ ಜೀನ್‌ಗಳು ಎರಡರಲ್ಲೂ ಇಲ್ಲ. ಫಲವತ್ತತೆಯನ್ನು ಪರೀಕ್ಷಿಸುವಾಗ ಇನ್ನೂ ಯಾವ ಗಂಡಿನೊಡನೆಯೂ ಕೂಡದ ಹೆಣ್ಣುಗಳನ್ನೇ ಬಳಸಿ. ಹೆಣ್ಣು ನೊಣ ಹಳೆಯ ವೀರ್ಯಾಣುಗಳನ್ನು ಕೂಡಿಟ್ಟುಕೊಳ್ಳುವುದರಿಂದ ಲೆಕ್ಕ ತಪ್ಪುತ್ತದೆ. ತಳಿಗಳಿಗಾಗಿ ಮೊದಲು ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಡ್ರೊಸೊಫಿಲಾ ತಳಿ ಕೇಂದ್ರದಲ್ಲಿ ವಿಚಾರಿಸಿ.